ಒಂದೇ ಸ್ವರದ ದೊರೆಯೂ ನನ್ನ ಬ್ಲೇಡೂ

ಸೋಮಾರಿ ಮಾಡುವ ತಪ್ಪು ಅರ್ಧಕ್ಕೆ ನಿಲ್ಲುತ್ತದೆ. ಅಚ್ಚುಕಟ್ಟಿನ ಮನುಷ್ಯ ಮಾಡುವ ತಪ್ಪು ಪೂರ್ತಿಯಾಗುತ್ತದೆ. ನನ್ನ ಕೈಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಅವುಗಳಲ್ಲಿ ಒಬ್ಬರಿಗೇ ಸಂಬಂಧಪಟ್ಟ ಐದನ್ನು ಕ್ರಮವಾಗಿ ಬರೆದಿಡುತ್ತೇನೆ. ನಗುವವರು ನಗಬಹುದು. ಮೊದಲ ನಾಲ್ಕಕ್ಕೆ ನಾನೂ ನಕ್ಕಿದ್ದೇನೆ.

ಬಿ.ಎಸ್ಸಿ. ಮುಗಿಸಿದ ಮೇಲೆ ಆನೇಮಹಲಿನಿಂದ ಎರಡು ಮೈಲಿ ಒಳಗಿನ ಒಂದು ಕಾಫಿ ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಪಂಪು, ಡೀಸೆಲ್ ಎಂಜಿನ್ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತ್ತು. ಮಾಲೀಕರಾದ ಗೌಡರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ‘ಬಿಯೆಸ್ಸಿ’ ಎನ್ನುತ್ತಿದ್ದರು. ೧೯೬೫ರ ಸುಮಾರಿಗೆ, ಮಳೆಗಾಲ ಇಳಿಯುತ್ತಿದ್ದ ಹೊತ್ತಿನಲ್ಲಿ, ಅಮೆರಿಕದ ಸಂಗೀತಗಾರರೊಬ್ಬರು ಗೌಡರ ಅತಿಥಿಯಾಗಿ ಬಂದರು. ಮೈಸೂರಿನಲ್ಲಿ ಸಂಗೀತದ ಪಾಠ ಹೇಳಿಸಿಕೊಳ್ಳುತ್ತಿದ್ದವರು. ವಯಸ್ಸು ನನಗಿಂತ ನಾಲ್ಕೈದು ವರ್ಷ ಹೆಚ್ಚು. ಬಿಳಿಯರಾದ್ದರಿಂದ ಎಲ್ಲರಿಗೂ ಅವರು ‘ದೊರೆ’. ಜೊತೆಗೆ ಎರಡು ಟೇಪ್ ರೆಕಾರ್ಡರ್, ಒಂದು ಟ್ರಂಕು ಟೇಪಿನ ಸುರುಳಿ.

ಅವರ ಸಂಗೀತದ ತತ್ವ ಸರಳ: ಸ್ವರ ಕಡಿಮೆ, ಸಮಯ ಹೆಚ್ಚು. ಅವರ ಊರಿನಲ್ಲಿ ನಾಲ್ಕೈದು ಜನ ಗೆಳೆಯರು ಆಗ ಇದನ್ನೇ ಹಿಡಿದಿದ್ದರಂತೆ. ಒಬ್ಬ ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿಯುತ್ತಿದ್ದ. ಇನ್ನೊಬ್ಬ ಒಂದು ಚೂರು ರಾಗವನ್ನು ನೂರಾರು ಸಲ ನುಡಿಸುತ್ತಿದ್ದ. ಕೇಳಲು ಬಂದವರು ಎದ್ದು ಹೋಗುತ್ತಿದ್ದರು.

“ಕೊನೆಗೆ ಉಳಿಯುವವರು ಎಷ್ಟು ಜನ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ನುಡಿಸುವವರು ಉಳಿಯುತ್ತಾರೆ” ಎಂದರು.

ನಮ್ಮ ಕಡೆಯ ಸದ್ದುಗಳಿಂದ ಮುಕ್ಕಾಲು ಗಂಟೆಯ ಒಂದು ಕೃತಿ ಕಟ್ಟಿ, ಜನವರಿಯಲ್ಲಿ ತಮ್ಮ ಊರಿನ ಸಭೆಯೊಂದರಲ್ಲಿ ಅವರು ಕೇಳಿಸಬೇಕಿತ್ತು. ಅದಾಗದಿದ್ದರೆ ಸಂಗೀತ ಬಿಟ್ಟು ತಂದೆಯ ಮರದ ಅಡ್ಡೆಯಲ್ಲಿ ಕೂರುವುದಾಗಿ ಮಾತು ಕೊಟ್ಟು ಬಂದಿದ್ದರು.

ಕನ್ನಡದಲ್ಲಿ ತೀರಾ ಅಗತ್ಯವಾದದ್ದನ್ನು ಕಲಿಸಿ ಎಂದರು. ‘ಇನ್ನೊಂದು ಸಲ’ ಎಂದು ಹೇಳಿಕೊಟ್ಟೆ. ಎರಡೇ ಪದ, ಕೆಲಸ ನಡೆಯುತ್ತದೆ ಎಂದುಕೊಂಡೆ. ನಡೆಯಿತು.

೧. ಕಂಬಿ

ಹಾಜರಿ ಹಾಕುವ ಜಾಗದಲ್ಲಿ ಒಂದು ತುಂಡು ರೈಲು ಕಂಬಿ ನೇತು ಹಾಕಿತ್ತು. ಬೆಳಿಗ್ಗೆ ಲೆಕ್ಕ ಬರೆಯುವ ರೈಟರ್ ಅದನ್ನು ಮೂರು ಸಲ ಹೊಡೆದರೆ ಲೈನು ಮನೆಗಳ ಆಳುಗಳು ಹಾಜರಿಗೆ ಬರಬೇಕು. ಬಿಡದೆ ಹೊಡೆದರೆ ಸ್ಟೋರಿಗೆ ಬೆಂಕಿ ಬಿದ್ದಿದೆ ಎಂದರ್ಥ. ಇದನ್ನು ನಾನು ದೊರೆಗೆ ಹೇಳಿರಲಿಲ್ಲ. ಅವರು ಕೇಳಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ದೊರೆ ಕಂಬಿಯ ಪಕ್ಕ ಮೈಕು ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿದರು. ರೈಟರ್ ಒಂದೇಟು ಹೊಡೆದ.

“ಇನ್ನೊಂದು ಸಲ.”

ಹೊಡೆದ. ಮೂರಾದ ಮೇಲೆ ನನ್ನ ಕಡೆ ತಿರುಗಿ, “ಸಾರ್, ಮೂರಾಯ್ತು. ಮುಂದುಕ್ಕೆ ಹೊಡುದ್ರೆ ಬೇರೆ ಅರ್ಥ ಐತೆ” ಎಂದು ಪಿಸುಗುಟ್ಟಿದ.

“ದೊರೆ ಹೇಳಿದಷ್ಟು ಹೊಡಿ” ಎಂದೆ.

ಅರವತ್ತನೆಯ ಏಟಿಗೆ ಲೈನಿನವರು ಕೊಡಪಾನ ಹೊತ್ತು ಓಡಿ ಬಂದರು. ಪಕ್ಕದ ಎಸ್ಟೇಟಿನವರು ಬೇಲಿ ಹಾರಿದರು. ಮೊದಲು ಬಂದವನು ಮುಂದೆ ಸಿಕ್ಕ ರೈಟರನ ಮೇಲೆಯೇ ನೀರು ಸುರಿದ. ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಗೌಡರು ಹಾಗೇ ಬಂದರು.

“ಎಲ್ಲಯ್ಯಾ ಬೆಂಕಿ, ಬಿಯೆಸ್ಸಿ?”

“ಬೆಂಕಿ ಇಲ್ಲ ಗೌಡ್ರೇ. ಸಂಗೀತ.”

ನೂರು ಜನರ ಹೆಜ್ಜೆಯ ಸದ್ದು ಹೆಡ್‌ಫೋನಿನೊಳಗೆ ಹೇಗೆ ಕೇಳಿಸಿತೋ, ದೊರೆ ಕಣ್ಣು ತೆರೆದರು. ಏದುಸಿರು ಬಿಡುತ್ತಿದ್ದ ಜನರನ್ನೆಲ್ಲ ಒಮ್ಮೆ ನೋಡಿದರು. ಮುಖ ಅರಳಿತು.

“ಇನ್ನೊಂದು ಸಲ” ಎಂದರು.

೨. ಗೋಡೆ

ಸಕಲೇಶಪುರ ಪೇಟೆಯಲ್ಲಿ ಒಬ್ಬ ಸಂಗೀತದ ಮೇಷ್ಟರಿದ್ದರು. ಗೌಡರು ಅವರನ್ನು ಕರೆಸಿ ಬಂಗಲೆಯ ಹಾಲಿನಲ್ಲಿ ಹಾಡಿಸಿದರು. ಮೇಷ್ಟರ ಹೆಂಡತಿ ಹಿಂದೆ ಕೂತು ತಂಬೂರಿ ಮೀಟತೊಡಗಿದರು. ದೊರೆ ಟೇಪಿನ ಯಂತ್ರ ಹಚ್ಚಿದರು. ಮೇಷ್ಟರು ಬಾಯಿ ತೆರೆದರು. ದೊರೆ ಯಂತ್ರ ಆರಿಸಿದರು. ಮೇಷ್ಟರು ಹಾಡು ನಿಲ್ಲಿಸಿದರು. ದೊರೆ ಹಚ್ಚಿದರು. ಮೂರು ಸಲ ಹೀಗಾಯಿತು.

“ಏನ್ರೀ ಇದು? ನಾನು ಬಾಯಿ ತೆಗೆದ್ರೆ ಕರೆಂಟು ಹೋಗುತ್ತಾ?” ಎಂದರು ಮೇಷ್ಟರು.

ನಾನು ದೊರೆಯನ್ನು ವಿಚಾರಿಸಿ, “ಇವರಿಗೆ ತಂಬೂರಿ ಮಾತ್ರ ಬೇಕಂತೆ” ಎಂದೆ.

“ಮಾತ್ರ! ತಂಬೂರಿ ಅಂದ್ರೆ ಗೋಡೆ ಕಣ್ರೀ. ಅದರ ಮೇಲೆ ಚಿತ್ರ ಬರೆಯೋನು ನಾನು. ಇವರಿಗೆ ಬರೀ ಗೋಡೆ ಸಾಕಂತಾ?”

ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ದೊರೆಗೆ ಬಹಳ ಸಂತೋಷವಾಯಿತು. “ಹೌದು, ಗೋಡೆಯೇ ಬೇಕು” ಎಂದರು.

ಮೇಷ್ಟರು ಎದ್ದು ಜಗಲಿಗೆ ಹೋಗಿ ಕೂತರು. ಅವರಿಗೆ ಕಾಫಿ ಕಳಿಸಲಾಯಿತು. ಮೇಷ್ಟರ ಹೆಂಡತಿ ತಂಬೂರಿ ಹಿಡಿದೇ ನನ್ನನ್ನು ಕೇಳಿದರು: “ನಾನೇನು ಮಾಡ್ಲಪ್ಪ ಈಗ?”

“ಏನೂ ಬದಲಾಯಿಸಬಾರದಂತೆ.”

“ಬದಲಾಯಿಸೋಕೆ ನಂಗೆಲ್ಲಿ ಬರುತ್ತೆ? ಇಪ್ಪತ್ತೆರಡು ವರ್ಷದಿಂದ ಇದೇ ನಾಲ್ಕು ತಂತಿ.”

ಇಪ್ಪತ್ತು ನಿಮಿಷ ಮೀಟಿದರು. ನನಗೆ ನಿದ್ದೆ ಬಂತು. ಎಚ್ಚರವಾದಾಗ ದೊರೆ ಕಣ್ಣೊರೆಸಿಕೊಳ್ಳುತ್ತಿದ್ದರು. ಇಡೀ ಕೃತಿಗೆ ಇದೇ ಅಡಿಪಾಯ ಎಂದು ನನಗೆ ಹೇಳಿದರು. ಆಮೇಲೆ ಆಕೆಯ ಕಡೆ ತಿರುಗಿ ಕೈ ಮುಗಿದು, “ಇನ್ನೊಂದು ಸಲ” ಎಂದರು.

ಆಕೆ ಸೆರಗು ಸರಿಮಾಡಿಕೊಂಡರು. “ಇಷ್ಟು ವರ್ಷದಲ್ಲಿ ನಂಗೆ ಯಾರೂ ಹೀಗಂದಿರ್ಲಿಲ್ಲ” ಎಂದರು. ಆಮೇಲೆ ಜಗಲಿಗೆ ಕೇಳುವಂತೆ ದನಿ ಎತ್ತಿದರು:

“ರೀ, ಇನ್ನೊಂದು ಲೋಟ ಕಾಫಿ ಕುಡೀರಿ. ನನ್ನ ಕಚೇರಿ ಮುಗಿದಿಲ್ಲ.”

೩. ಬಿಸಿಲು

ಪೇಟೆಯ ಸಾಹೇಬರೊಬ್ಬರು ಬಾಡಿಗೆಗೆ ಜೀಪು ಓಡಿಸುತ್ತಿದ್ದರು. ಒಂದು ದಿನ ಅವರ ಜೀಪಿನಲ್ಲಿ ದೊರೆಯೂ ನಾನೂ ವನಗೂರಿಗೆ ಹೊರಟೆವು. ದಾರಿಯಲ್ಲಿ ಮಳೆ ಹಿಡಿಯಿತು. ಆ ಜೀಪಿನ ಎರಡು ವೈಪರುಗಳಿಗೆ ಬೇರೆ ಬೇರೆ ಮೋಟಾರು. ಎರಡೂ ಜೊತೆಯಲ್ಲಿ ಹೊರಡುತ್ತಿದ್ದವು. ನಿಧಾನವಾಗಿ ಅಗಲಿ, ಎದುರುಬದುರಾಗಿ, ಐದಾರು ನಿಮಿಷಕ್ಕೆ ಮತ್ತೆ ಜೊತೆಯಾಗುತ್ತಿದ್ದವು. ಇದು ರಿಪೇರಿಯಾಗಬೇಕು ಎಂದು ನಾನು ಚೀಟಿಯಲ್ಲಿ ಬರೆದುಕೊಂಡೆ. ದೊರೆ ಜೀಪು ನಿಲ್ಲಿಸಲು ಹೇಳಿ ಯಂತ್ರ ಹೊರಗೆ ತೆಗೆದರು.

ಅಷ್ಟರಲ್ಲಿ ಮಳೆ ನಿಂತಿತು. ದೊರೆ, ಸಾಹೇಬರ ಮುಖ ನೋಡಿ, ತಮ್ಮ ಎರಡು ಪದ ಹೇಳಿದರು.

ಹಿಂದಿರುಗುವಾಗ ಪೂರ್ತಿ ಬಿಸಿಲು. ವೈಪರುಗಳು ಒಣ ಗಾಜಿನ ಮೇಲೆ ಕಿರುಚುತ್ತಿದ್ದವು. ಆನೇಮಹಲಿನ ಹೋಟೆಲಿನ ಮುಂದೆ ಕೂತಿದ್ದವನೊಬ್ಬ ಕೂಗಿದ: “ಏನ್ ಸಾಹೇಬ್ರೇ, ಬಿಸ್ಲು ಒರುಸ್ತಾ ಇದೀರಾ?”

ಸಾಹೇಬರು ತಲೆ ಹೊರಗೆ ಹಾಕಿದರು. “ಹ್ಞೂಂ ಕಣೋ ಮಾರಾಯ. ಒಳ್ಗೆ ಸಂಗೀತ ನಡೀತೈತೆ, ದಾರಿ ಬುಡು.”

೪. ರಿಪೇರಿ

ರೈಟರ್ ಹಾಜರಿಯ ಹೊತ್ತಿಗೆ ‘ಬಂದೋರೆಲ್ಲ ಈ ಕಡೆ’ ಎಂದು ಕೂಗುತ್ತಿದ್ದ. ದೊರೆ ಆ ಮೂರು ಪದಗಳ ಟೇಪನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಬಳೆಯಂತೆ ಮಾಡಿದರು. ಅಂಥವು ಎರಡು. ಒಂದೊಂದು ಯಂತ್ರಕ್ಕೆ ಒಂದೊಂದು. ಹಚ್ಚಿದರೆ ಎರಡು ಯಂತ್ರದಲ್ಲೂ ರೈಟರ್ ಕೊನೆಯಿಲ್ಲದೆ ಕೂಗುತ್ತಿದ್ದ. ಮೊದಲು ಒಂದೇ ದನಿ. ಸ್ವಲ್ಪ ಹೊತ್ತಿಗೆ ಒಂದರ ಹಿಂದೆ ಒಂದು ಬಿದ್ದು ಇಬ್ಬರು ರೈಟರು. ಆಮೇಲೆ ಪದಗಳೇ ಕರಗಿ, ಜೇನುಗೂಡಿನಂಥ ಒಂದು ಗುಂಯ್ ಎನ್ನುವ ಸದ್ದು.

ಒಂದು ಯಂತ್ರದ ವೇಗ ಕೂದಲೆಳೆಯಷ್ಟು ಕಡಿಮೆ ಎಂಬುದು ನನಗೆ ಕೂಡಲೇ ಗೊತ್ತಾಯಿತು. ದೊರೆ ಮಧ್ಯಾಹ್ನ ಮಲಗಿದ್ದಾಗ ಅದನ್ನು ಬಿಚ್ಚಿದೆ. ಬೆಲ್ಟು ಒರೆಸಿ, ಎಣ್ಣೆ ಬಿಟ್ಟು, ಎರಡನ್ನೂ ಗಡಿಯಾರ ಹಿಡಿದು ಸರಿದೂಗಿಸಿದೆ.

ಸಂಜೆ ದೊರೆ ಎರಡನ್ನೂ ಹಚ್ಚಿ ಕೂತರು. ರೈಟರ್ ಕೂಗಿದ. ಮುಕ್ಕಾಲು ಗಂಟೆ ಒಬ್ಬನೇ ರೈಟರ್ ಕೂಗಿದ. ಇಬ್ಬರಾಗಲೇ ಇಲ್ಲ. ಅಷ್ಟರಲ್ಲಿ ನಿಜವಾದ ರೈಟರ್ ಓಡಿ ಬಂದು, “ದೊರೆ, ಬಂದೋರೆಲ್ಲ ಬಂದಾಯ್ತಲ್ಲ, ಇನ್ನೂ ಯಾರುನ್ನ ಕರೀತಾ ಇದೀನಿ ನಾನು?” ಎಂದ.

ನಾನು ಮಾಡಿದ್ದನ್ನು ದೊರೆಗೆ ತಿಳಿಸಿದೆ. “ದೋಷ ಸರಿಪಡಿಸಿದ್ದೇನೆ.”

“ಆ ದೋಷ ಹುಡುಕಲು ನನಗೆ ಮೂರು ವಾರ ಬೇಕಾಯಿತು” ಎಂದರು. ಸಿಟ್ಟಾಗಲಿಲ್ಲ, ನಕ್ಕರು. ಒಂದು ಬಳೆಯ ಅಂಚಿಗೆ ಬೆರಳು ತಾಗಿಸಿ ನಿಧಾನ ಮಾಡಿ, ಮತ್ತೆ ಇಬ್ಬರು ರೈಟರನ್ನು ಹುಟ್ಟಿಸಿದರು.

ಯಂತ್ರ ಮುಟ್ಟಬಾರದು ಎಂದು ಅವತ್ತು ಕಲಿತೆ. ಟೇಪಿನ ವಿಷಯ ಯಾರೂ ಹೇಳಿರಲಿಲ್ಲ.

೫. ಬೇಡದ್ದು

ಡಿಸೆಂಬರಿಗೆ ಕೃತಿ ಮುಗಿಯಿತು. ಕಂಬಿ, ತಂಬೂರಿ, ವೈಪರು, ರೈಟರ್, ಎಲ್ಲವನ್ನೂ ಅಂಟಿಸಿ ಒಂದೇ ಟೇಪು ಮಾಡಿದ್ದರು. ನಕಲು ಇರಲಿಲ್ಲ. ತಂದಿದ್ದ ಬೇರೆ ಸುರುಳಿಗಳನ್ನು ಅಳಿಸಿ ಅಳಿಸಿ ಬಳಸಿ ಮುಗಿದಿತ್ತು. ವೀಸಾದ ಅವಧಿಯೂ ಮುಗಿಯುತ್ತಿತ್ತು. ಮಂಗಳೂರಿನಿಂದ ಬೊಂಬಾಯಿಗೆ ಹಡಗು ಗೊತ್ತುಮಾಡಿಯಾಗಿತ್ತು. ಅದಕ್ಕೆ ಮುಂಚೆ ಮೈಸೂರಿನ ಗುರುಗಳಿಗೆ ಹೇಳಿ ಬರಲು ನಾಲ್ಕು ದಿನ ಹೋದರು. ಹೋಗುವಾಗ ನನಗೆ ಹೇಳಿದರು: “ನಡುವೆ ಕೆಲವು ಬೇಡದ ಸದ್ದು ಸೇರಿವೆ. ತೆಗೆದಿಡಿ.”

“ಬೇಡದ್ದು ಯಾವುದು?”

“ಕೇಳಿದರೆ ನಿಮಗೇ ತಿಳಿಯುತ್ತದೆ.”

ಕೇಳಿದೆ. ತಿಳಿಯಿತು. ಪ್ರಯೋಗಶಾಲೆಯಲ್ಲಿ ಒಂದೇ ಅಳತೆ ನೂರು ಸಲ ಬಂದರೆ ಒಮ್ಮೆ ಬರೆದುಕೊಂಡರೆ ಸಾಕು. ಬೇರೆಯಾಗಿ ಬಂದದ್ದನ್ನು ಮಾತ್ರ ಬಿಡಬಾರದು. ಅದೇ ಕ್ರಮ ಅನುಸರಿಸಿದೆ. ಬ್ಲೇಡು ಹಿಡಿದು ಮೂರು ದಿನ ಕೂತೆ. ಎರಡನೆಯ ಸಲ ಬಂದದ್ದನ್ನೆಲ್ಲ ಕತ್ತರಿಸಿದೆ. ಮುಕ್ಕಾಲು ಗಂಟೆಯದು ನಾಲ್ಕು ನಿಮಿಷಕ್ಕೆ ಇಳಿಯಿತು. ಜೋಡಣೆ ಎಲ್ಲೂ ಕಾಣುತ್ತಿರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಮತ್ತೊಂದು ಮಾಡಿಲ್ಲ.

ದೊರೆ ಬಂದವರೇ ಹೆಡ್‌ಫೋನ್ ಹಾಕಿಕೊಂಡರು. ನಾನು ಪಕ್ಕದಲ್ಲಿ ನಿಂತೆ. ಅವರಿಗೆ ಕೇಳಿಸಿದ್ದು ಇಷ್ಟು: ಕಂಬಿ, ಒಂದು ಏಟು. ‘ಎಲ್ಲಯ್ಯಾ ಬೆಂಕಿ?’ ತಂಬೂರಿಯ ನಾಲ್ಕು ತಂತಿ, ಒಂದು ಸುತ್ತು. ‘ಏನ್ರೀ ಇದು?’ ವೈಪರ್ ಆ ಕಡೆ, ಈ ಕಡೆ. ಹೋಟೆಲಿನ ಮುಂದೆ ಕೂತಿದ್ದವನ ಮಾತು. ‘ಬಂದೋರೆಲ್ಲ ಈ ಕಡೆ.’ ಮಿಕ್ಕಿದ್ದು ಗೌಡರ ಕೆಮ್ಮು, ಒಂದು ನಾಯಿ, ಬಾಗಿಲು ಬಡಿದದ್ದು, ಯಾರೋ ಸೀನಿದ್ದು. ಅವೆಲ್ಲ ಒಂದೊಂದೇ ಸಲ ಬಂದಿದ್ದವು. ಆದ್ದರಿಂದ ಉಳಿಸಿದ್ದೆ.

ಟೇಪು ಮುಗಿಯಿತು. ದೊರೆ ಹೆಡ್‌ಫೋನ್ ತೆಗೆದಿಟ್ಟರು. ನಾನು ಕಾದೆ. ಅವರು ‘ಇನ್ನೊಂದು ಸಲ’ ಎನ್ನಲಿಲ್ಲ. ಮೂರು ತಿಂಗಳಲ್ಲಿ ಅದೇ ಮೊದಲು.

ಬೇಡದ್ದು ಯಾವುದಾಗಿತ್ತು ಎಂದು ಆಗ ನನಗೆ ಗೊತ್ತಾಯಿತು.

“ಕತ್ತರಿಸಿದ್ದು ಎಲ್ಲಿದೆ?” ಎಂದರು.

ರೈಟರ್ ತೆಗೆದುಕೊಂಡು ಹೋಗಿದ್ದ. ರಸ್ತೆ ಪಕ್ಕದ ಅವನ ಗದ್ದೆಯಲ್ಲಿ ಭತ್ತ ಹಣ್ಣಾಗಿತ್ತು, ಗಿಣಿ ಕಾಟ. ಟೇಪನ್ನು ಗೂಟದಿಂದ ಗೂಟಕ್ಕೆ ಜಗ್ಗಿ ಕಟ್ಟಿದ್ದ, ಗಾಳಿಗೆ ಅದು ಗುಂಯ್ ಎನ್ನುತ್ತಿತ್ತು. ನಾವು ಹೋಗಿ ನೋಡಿದಾಗ ಅದು ಹಿಗ್ಗಿ, ಹುರಿಗೊಂಡು, ಗಂಟು ಬಿದ್ದಿತ್ತು. ಮತ್ತೆ ಯಂತ್ರಕ್ಕೆ ಹಾಕುವಂತಿರಲಿಲ್ಲ. ರೈಟರ್ ಮಾತ್ರ ಹಿಗ್ಗಿನಲ್ಲಿದ್ದ.

“ನಿಮ್ಮ ಸಂಗೀತ ಕಟ್ಟುದಾಗ್ಲಿಂದ ಒಂದು ಹಕ್ಕೀನೂ ನಿಂತಿಲ್ಲ ದೊರೆ. ಕೇಳ್ತಿದ್ದಂಗೇ ಎದ್ದೋಯ್ತವೆ.”

ದೊರೆ ನನ್ನ ಕಡೆ ನೋಡಿದರು. ಅರ್ಥ ಹೇಳಬೇಕಾಯಿತು.

“ನಮ್ಮ ಊರಿನಲ್ಲೂ ಹಾಗೆಯೇ” ಎಂದರು.

ಮತ್ತೆ ರೆಕಾರ್ಡ್ ಮಾಡೋಣ, ಮೇಷ್ಟರ ಹೆಂಡತಿಯನ್ನು ಕರೆಸುತ್ತೇನೆ ಎಂದೆ. ಮಾರನೆಯ ಬೆಳಿಗ್ಗೆಯೇ ಮಂಗಳೂರಿನ ಬಸ್ಸು. ಅವರು ನನ್ನ ಭುಜ ತಟ್ಟಿದರು. ಬೈದಿದ್ದರೆ ಚೆನ್ನಾಗಿತ್ತು.

ಮೇಷ್ಟರ ಹೆಂಡತಿ ಈಗಲೂ ಸಂತೆಯಲ್ಲಿ ಸಿಕ್ಕರೆ, “ದೊರೆ ಅವರ ಊರಲ್ಲಿ ನನ್ನ ತಂಬೂರಿ ಹಾಕಿದ್ರಂತಾ?” ಎಂದು ಕೇಳುತ್ತಾರೆ. ದೊರೆಯ ಕಾಗದ ಬಂದಿಲ್ಲ. ಹಾಕಿದರಂತೆ ಎನ್ನುತ್ತೇನೆ. ಆಕೆಯ ಇಪ್ಪತ್ತು ನಿಮಿಷದಲ್ಲಿ ಉಳಿದದ್ದು ಎಂಟು ಸೆಕೆಂಡು ಎಂದು ಹೇಳಿಲ್ಲ.

ದೊರೆ ಹೊರಡುವ ದಿನ ಬೆಳಿಗ್ಗೆ ಸಾಹೇಬರ ಜೀಪಿನಲ್ಲಿ ಆನೇಮಹಲಿಗೆ ಹೊರಟೆವು. ಗದ್ದೆಯ ತಿರುವಿನಲ್ಲಿ ದೊರೆ ಜೀಪು ನಿಲ್ಲಿಸಲು ಹೇಳಿದರು. ಗಾಳಿಗೆ ಟೇಪುಗಳು ನಡುಗುತ್ತಿದ್ದವು. ಒಂದೇ ಸ್ವರ, ಗದ್ದೆಯ ಉದ್ದಕ್ಕೂ. ಒಂದು ಟೇಪು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಕೆಳಗೆ ನುಡಿಯುತ್ತಿತ್ತು. ಆ ದೋಷ ನನಗೆ ಆಗ ಮೊದಲ ಸಲ ಹಿತವಾಗಿ ಕೇಳಿಸಿತು. ದೊರೆ ಇಳಿದು ಬದುವಿನ ಮೇಲೆ ಕಣ್ಣು ಮುಚ್ಚಿ ನಿಂತರು. ಕಾಲು ಗಂಟೆ ಕಳೆಯಿತು. ಗಾಳಿ ನಿಂತಿತು. ಸ್ವರವೂ ನಿಂತಿತು.

ಕಣ್ಣು ತೆರೆಯದೆ ದೊರೆ ಹೇಳಿದರು: “ಇನ್ನೊಂದು ಸಲ.”

ಯಾರಿಗೆ ಹೇಳಿದರೋ ತಿಳಿಯದು. ಭತ್ತ ಅಲುಗಲಿಲ್ಲ. ಗದ್ದೆಯಲ್ಲಿದ್ದ ರೈಟರ್ ನನ್ನ ಮುಖ ನೋಡಿದ. ದೊರೆ ಹೇಳಿದ ಮೇಲೆ ಅವನು ಇಲ್ಲ ಎಂದವನಲ್ಲ. ಹತ್ತಿರದ ಗೂಟದ ಬಳಿ ಮಂಡಿಯೂರಿ, ಕೆನ್ನೆ ಉಬ್ಬಿಸಿ, ಟೇಪಿಗೆ ಬಾಯಿಟ್ಟು ಊದತೊಡಗಿದ.

“ಒಬ್ಬುನ್ಕೈಲಿ ಆಗಲ್ಲ ಕಣೋ” ಎಂದು ಸಾಹೇಬರು ಜೀಪಿನಿಂದಿಳಿದು ಪಕ್ಕದ ಗೂಟ ಹಿಡಿದರು. ಗಾಳಿಯ ವೇಗದ ಲೆಕ್ಕ ನನಗೆ ಗೊತ್ತಿತ್ತು. ಬಾಯಿಂದ ಊದಿ ಆಗುವ ಕೆಲಸವಲ್ಲ. ಆದರೂ ನಾನು ಮೂರನೆಯ ಗೂಟಕ್ಕೆ ಹೋದೆ.

ಮೂವರೂ ಊದಿದೆವು. ‘ಫೂ’ ಎಂಬುದು ಬಿಟ್ಟು ಬೇರೆ ಸದ್ದು ಬರಲಿಲ್ಲ. ದೊರೆ ಮುಖ ಮುಚ್ಚಿಕೊಂಡು ಬದುವಿನ ಮೇಲೆ ಕುಕ್ಕರಿಸಿದರು. ಭುಜ ಕುಣಿಯುತ್ತಿತ್ತು. ನಗುವೋ ಅಳುವೋ ಗೊತ್ತಾಗಲಿಲ್ಲ. ನೋಡಿ ತಿಳಿಯೋಣವೆಂದರೆ ಆನೇಮಹಲಿನ ಕಡೆಯಿಂದ ಮಂಗಳೂರಿನ ಬಸ್ಸಿನ ಹಾರ್ನು ಕೇಳಿಸಿತು. ಅದು ಮಾತ್ರ ಒಂದೇ ಸಲ.