ಹತ್ತು ಕಿಲೋ ಅಗಸೆಯ ಲೋಳೆ ತೊಳೆದದ್ದು

"ಇನ್ನು ಮೂರೇ ತಿಂಗಳು! ನನ್ನ ಹೃದಯವನ್ನು ಇಪ್ಪತ್ತರ ಹುಡುಗನ ಹೃದಯ ಮಾಡದಿದ್ದರೆ ನಾನು ಕಾಫಿ ಬೆಳೆಗಾರನೇ ಅಲ್ಲ!" ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಅಕ್ಕಿರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ನೇತ್ರಾವತಿ ತಲೆಯನ್ನೂ ಎತ್ತಲಿಲ್ಲ.

ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ನನ್ನದು. ಸಕಲೇಶಪುರದ ಡಾಕ್ಟರು ಆ ಬೆಳಿಗ್ಗೆಯಷ್ಟೇ ಹೇಳಿದ್ದರು: "ಶುಗರ್ ಇರೋರು ಹಾರ್ಟನ್ನೂ ನೋಡ್ಕೋಬೇಕು. ಬೆಣ್ಣೆ, ಡಾಲ್ಡಾ ಕಮ್ಮಿ ಮಾಡಿ. ಅಗಸೆ ಬೀಜದಲ್ಲಿ ಒಳ್ಳೆ ಕೊಬ್ಬಿರುತ್ತೆ. ಪುಡಿ ಮಾಡಿ ದಿನಾ ಎರಡು ಚಮಚ ತಿನ್ನಿ."

ಅಗಸೆ ಸರಿ. ಆದರೆ ಬೆಣ್ಣೆ? ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡುವುದಕ್ಕೇ ನಾನು ಬೆಳಿಗ್ಗೆ ಏಳುವುದು! ಅಂಗಲಾಚಿದ ಮೇಲೆ ನೇತ್ರಾವತಿ ಒಂದು ಕರಾರು ಹಾಕಿದಳು.

"ಅಗಸೆ ನೀವೇ ಹಸನು ಮಾಡ್ಕಳಿ. ನೆಟ್ಟಗೆ ಮಾಡಿದ್ರೆ ಭಾನುವಾರಕ್ಕೊಂದು ಉಂಡೆ ಬೆಣ್ಣೆ. ಕೆಡಿಸ್ಬುಟ್ರೆ ಅದೂ ಇಲ್ಲ!"

ಎರಡು ಚಮಚಕ್ಕೆ ಎಷ್ಟು ಬೇಕು? ಬೆಳೆಗಾರನ ಗೌರವಕ್ಕೆ ತಕ್ಕಂತೆ ಹತ್ತು ಕಿಲೋ ತಂದೆ! ಬೀಜದಲ್ಲಿ ಧೂಳಿತ್ತು. ಮೂವತ್ತು ವರ್ಷ ಕಾಫಿ ಹಸನು ಮಾಡಿದವನಿಗೆ ಯಾರು ಹೇಳಿಕೊಡಬೇಕು? ಕಾಫಿ ತೊಳೆಯುವ ತೊಟ್ಟಿಗೆ ಸುರಿದು, ನೀರು ಬಿಟ್ಟು, ಊಟ ಮುಗಿಸಿ ಬಂದೆ. ಬೀಜಕ್ಕೆಲ್ಲ ಲೋಳೆ! ಕಾಫಿ ಬೀಜಕ್ಕೂ ಲೋಳೆ ಇರುತ್ತದೆ, ತೊಳೆದರೆ ಹೋಗುತ್ತದೆ. ತೊಳೆದೆ. ಲೋಳೆ ಹೆಚ್ಚಾಯಿತು. ಇನ್ನಷ್ಟು ನೀರು ಬಿಟ್ಟೆ. ಲೋಳೆ ತೊಟ್ಟಿ ತುಂಬಿ ಕಾಫಿ ಒಣಗಿಸುವ ಕಣಕ್ಕೆ ಇಳಿಯಿತು.

"ಅಯ್ಯೋ, ಅದು ಕಾಫಿ ಅಲ್ಲ ಕಣ್ರೀ! ನೀರು ಹಾಕ್ದಷ್ಟೂ ಲೋಳೆ ಬುಡ್ತೈತೆ!" ನೇತ್ರಾವತಿ ಓಡಿ ಬಂದಳು.

"ಸುಮ್ನಿರೇ! ಯಾವ ಲೋಳೆ ಹೇಗೆ ಬಿಡಿಸ್ಬೇಕು ಅಂತ ನಂಗೊತ್ತು!" ಎಂದು ನಲ್ಲಿಯನ್ನು ಪೂರ್ತಿ ತಿರುಗಿಸಿದೆ.

ಅದೇ ಹೊತ್ತಿಗೆ ಬೆಳಗೋಡಿನಿಂದ ಕಾಫಿ ವ್ಯಾಪಾರಿ ಮುಖ್ತಾರ್ ಸಾಹೇಬರು ಮಾಲು ನೋಡಲು ಬಂದರು. ಕಣದ ಮೇಲೆ ಒಂದು ಹೆಜ್ಜೆ ಇಟ್ಟರು, ಅಷ್ಟೇ. ಎರಡನೆಯ ಹೆಜ್ಜೆ ಅವರು ಇಡಲಿಲ್ಲ, ಅದೇ ಜಾರಿಕೊಂಡು ಹೋಯಿತು!

"ಯಜಮಾನ್ರೇ, ಇದ್ಯಾವ ಕಾಫಿ? ಹಿಡ್ಕಳಿ ಮಾರಾಯ್ರೇ, ಹಿಡ್ಕಳಿ!"

ಹಿಡಿಯಲು ಓಡಿದೆ. ಓಡಬಾರದಿತ್ತು. ಇಬ್ಬರೂ ತಬ್ಬಿಕೊಂಡು ಕಣವನ್ನು ಒಂದು ಪೂರ್ತಿ ಸುತ್ತು ಹಾಕಿದೆವು. ಸಾಹೇಬರು ಕೊಟ್ಟಿಗೆಯ ಪಕ್ಕದ ಸಗಣಿ ಗುಡ್ಡೆಯ ಮೇಲೆ ಮೆತ್ತಗೆ ಕುಳಿತರು. ನನ್ನ ಸೊಂಟ ತೊಟ್ಟಿಯ ಕಟ್ಟೆಗೆ ಬಡಿಯಿತು.

ಭಾನುವಾರ ಬೋರಲು ಮಲಗಿದ್ದೆ. ನೇತ್ರಾವತಿ ತಟ್ಟೆ ತಂದಿಟ್ಟಳು. ಬಿಸಿ ರೊಟ್ಟಿ, ಪಕ್ಕದಲ್ಲಿ ಅಗಸೆ ಚಟ್ನಿಪುಡಿ. ನಾನು ತೊಟ್ಟಿಗೆ ಸುರಿಯುವ ಮೊದಲೇ ಅವಳು ಎರಡು ಹಿಡಿ ತೆಗೆದಿಟ್ಟು, ಮೊರದಲ್ಲಿ ಕೇರಿ, ಬಾಣಲೆಯಲ್ಲಿ ಹುರಿದುಕೊಂಡಿದ್ದಳಂತೆ. ರುಚಿಯಾಗಿತ್ತು, ನಾಚಿಕೆಯೂ ಆಯಿತು. ಆದರೂ ಆಸೆ ಬಿಡಲಿಲ್ಲ.

"ಒಂದು ಚೂರು... ಬೆಣ್ಣೆ?" ಎಂದೆ ಕ್ಷೀಣ ಸ್ವರದಲ್ಲಿ.

ಅವಳು ನನ್ನ ಸೊಂಟವನ್ನೊಮ್ಮೆ ನೋಡಿದಳು.

"ಯಾಕ್ರೀ, ಜಾರಿದ್ದು ಸಾಲ್ದಾ?"