ಕೆಂಪು ದೀಪ ಮತ್ತು ಹಿಂದಿನ ಸೀಟು

ಪಾಠ ಹೇಳುವವನಿಗೆ ಆ ಪಾಠ ಬರುತ್ತಿರಬೇಕು ಎಂಬ ನಿಯಮವನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ನನ್ನ ಪೆನ್ಷನ್ ಎಂದೋ ನಿಂತುಹೋಗುತ್ತಿತ್ತು. ಬಸವಕಲ್ಯಾಣದ ಪಿಯು ಕಾಲೇಜೊಂದರಲ್ಲಿ ನಿವೃತ್ತನಾಗುವವರೆಗೂ ನಾನು ಭೌತಶಾಸ್ತ್ರ ಕಲಿಸಿದೆ. ಅದರಲ್ಲೂ ಶಾಖದ ಪಾಠವೆಂದರೆ ನನಗೆ ವಿಶೇಷ ಪ್ರೀತಿ. ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಗಾಳಿ ಅದನ್ನು ಹೇಗೆ ಹೊತ್ತೊಯ್ಯುತ್ತದೆ, ಕಂಬಳಿ ಅದನ್ನು ಹೇಗೆ ತಡೆದು ನಿಲ್ಲಿಸುತ್ತದೆ ಎಂಬುದನ್ನೆಲ್ಲ ಕರಿಹಲಗೆಯ ಮೇಲೆ ಬಣ್ಣದ ಸುಣ್ಣದಕಡ್ಡಿಯಿಂದ ಬಾಣಗಳನ್ನು ಬಿಡಿಸಿ ತೋರಿಸುತ್ತಿದ್ದೆ. ಅಂಥ ನನಗೆ ನನ್ನದೇ ಗಾಡಿಯ ಇಂಜಿನ್ನು ಯಾಕೆ ಕಾಯುತ್ತದೆ ಎಂಬುದು ತಿಳಿಯಲು ಮೂರು ತಿಂಗಳು ಹಿಡಿಯಿತು. ಅದನ್ನೂ ಕಂಡುಹಿಡಿದವನು ನಾನಲ್ಲ.

ಈ ಕತೆ ಇಂಜಿನ್ನಿನಿಂದ ಶುರುವಾಗುವುದಿಲ್ಲ, ನನ್ನ ಎಡಗಾಲಿನಿಂದ ಶುರುವಾಗುತ್ತದೆ. ಮದುವೆಯಾದಾಗಿನಿಂದ ನನ್ನ ಬಳಿ ಒಂದು ಸ್ಕೂಟರಿತ್ತು. ಅದರ ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಮಹಾದೇವಿ ಒಂದೇ ಕಡೆ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಅವಳ ಬಲಗೈ ನನ್ನ ಹೆಗಲ ಮೇಲಿರುತ್ತಿತ್ತು. ಆ ಕೈಗೆ ತನ್ನದೇ ಭಾಷೆಯಿತ್ತು. ಬೆರಳು ಒತ್ತಿದರೆ ನಿಧಾನ ಹೋಗಬೇಕು, ಎರಡು ಸಲ ತಟ್ಟಿದರೆ ನಿಲ್ಲಿಸಬೇಕು, ಸುಮ್ಮನೆ ಭಾರ ಬಿಟ್ಟರೆ ಮನಸ್ಸು ಶಾಂತವಾಗಿದೆ ಎಂದರ್ಥ. ಮನೆಯಲ್ಲಿ ಮಾತು ಬಿಟ್ಟ ದಿನಗಳಲ್ಲೂ ಸ್ಕೂಟರಿನ ಮೇಲೆ ನಾವು ಮಾತಾಡಿಕೊಂಡೇ ಇರುತ್ತಿದ್ದೆವು. ಹೀಗಿರುವಾಗ ಒಂದು ದಿನ ಒಬ್ಬನೇ ಹೋಗುತ್ತಿದ್ದವನು ಉಸುಕಿನ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡೆ. ಒಳಗೆ ಒಂದು ಸಲಾಕೆ ಕೂಡಿಸಿದ ಡಾಕ್ಟರು, ಇನ್ನುಮುಂದೆ ಎರಡು ಗಾಲಿಯ ಸಹವಾಸ ಬೇಡ ಎಂದರು. ಸ್ಕೂಟರು ಹೋಯಿತು. ಅದೇ ವರ್ಷ ದವಾಖಾನೆಯ ನರ್ಸ್ ಆಗಿದ್ದ ಮಹಾದೇವಿಗೆ ಹುಮನಾಬಾದಿಗೆ ವರ್ಗವಾಯಿತು.

ನೀನೂ ಹುಮನಾಬಾದಿಗೆ ಹೋಗಿ ಇರಬಹುದಲ್ಲಪ್ಪ ಎಂದು ನೀವು ಕೇಳುತ್ತೀರಿ. ಅವಳು ಇನ್ನೊಬ್ಬ ನರ್ಸಿನ ಜೊತೆ ಒಂದೇ ಕೋಣೆಯಲ್ಲಿ ಇರುತ್ತಾಳೆ. ಅಲ್ಲಿ ನಾನು ಮೂರನೆಯವನಾಗಿ ಎಲ್ಲಿ ಮಲಗಲಿ? ಕಾರು ಕಲಿಯಬಹುದಿತ್ತಲ್ಲ ಎಂದೂ ಕೇಳುತ್ತೀರಿ. ಕಾರಿನಲ್ಲಿ ಹೆಂಡತಿ ಪಕ್ಕದ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು, ಗಾಜಿನ ಆಚೆ ನೋಡುತ್ತ ಕೂರುತ್ತಾಳೆ. ಹೆಗಲ ಮೇಲೆ ಕೈ ಇಡುವ ಪ್ರಸಂಗವೇ ಬರುವುದಿಲ್ಲ. ನನಗೆ ಬೇಕಾಗಿದ್ದದ್ದು ಊರಿಂದೂರಿಗೆ ಹೋಗುವ ವಾಹನವಲ್ಲ. ಆ ಕೈ ಬೇಕಾಗಿತ್ತು. ಈ ವಯಸ್ಸಿನಲ್ಲಿ ಇದನ್ನು ಯಾರ ಮುಂದೆ ಹೇಳಲಿ? ನಿಮ್ಮ ಮುಂದೆ ಹೇಳುತ್ತಿದ್ದೇನೆ, ನಗಬೇಡಿ.

ಹೆದ್ದಾರಿಯ ಪಕ್ಕದ ಒಂದು ಧಾಬಾದಲ್ಲಿ ಮಕ್ಕಳನ್ನು ಕೂಡಿಸಿ ಒಂದು ಸುತ್ತು ಹೊಡೆಸಲೆಂದು ನಾಲ್ಕು ಗಾಲಿಯ ಬೈಕೊಂದನ್ನು ಇಟ್ಟಿದ್ದರು. ಯಾರೂ ಹತ್ತದೆ ಅದು ಧೂಳು ತಿನ್ನುತ್ತಿತ್ತು. ನಾನು ಅದನ್ನು ಕಂಡೆ. ನಾಲ್ಕು ಗಾಲಿ, ಆದ್ದರಿಂದ ಬೀಳುವ ಭಯವಿಲ್ಲ. ಕೂರುವುದು ಬೈಕಿನ ಹಾಗೆಯೇ, ಹಿಂದೆ ಇನ್ನೊಬ್ಬರಿಗೆ ಜಾಗವೂ ಇದೆ. ರಸ್ತೆಗೆ ಇಳಿಸುವ ಹಾಗಿಲ್ಲ, ಹೊಲದಲ್ಲಿ ಎಷ್ಟಾದರೂ ಓಡಿಸಬಹುದು. ಪಕ್ಕದ ಹಳ್ಳಿ ಮೋರಖಂಡಿಯಲ್ಲಿ ನಮ್ಮದೊಂದು ಹೊಲವಿದೆ. ಕೊಂಡು ತಂದು ಅಲ್ಲಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದೆ.

ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ ಮಹಾದೇವಿ ಮುಂದಿನ ಶನಿವಾರ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಇದೇನ್ರಿ, ಎಮ್ಮಿ ಕೂತಂಗ ಕೂತದ," ಎಂದಳು. ಸೀಟಿನ ಮೇಲೆ ಕೈಯಾಡಿಸಿದಳು. ಅದು ಒಳ್ಳೆಯ ಲಕ್ಷಣವೆಂದು ನಾನು ಹಿಗ್ಗಿದೆ. ಒಂದು ಸುತ್ತು ಓಡಿಸಿ ತೋರಿಸಿದ ಮೇಲೆ ಎರಡು ತಕರಾರು ಬಂದವು. "ಮುಂದಿನ ಗಾಲಿ ಎರಿಮಣ್ಣು ಎತ್ತಿ ಸೀರಿಗಿ ಸಿಡಸ್ತದ. ಇಲ್ಲಿ ಬಾಜೂಕ್ಕ ಇಂಜಿನ್ನದು ಬಿಸಿ ಕಾಲಿಗಿ ಬಡೀತದ. ಇವೆರಡೂ ಇಲ್ಲದಂಗ ಮಾಡ್ರಿ, ಕೂಡ್ತೀನಿ."

ಅವಳು ಬಸ್ಸು ಹತ್ತಿದ್ದೇ ತಡ, ನಾನು ಕೆಲಸಕ್ಕೆ ಇಳಿದೆ. ಎಣ್ಣೆಯ ಡಬ್ಬಿಯೊಂದನ್ನು ಸೀಳಿ ಅಗಲ ಮಾಡಿ, ಗಾಡಿಯ ಮುಖಕ್ಕೆ ಈ ಗಾಲಿಯಿಂದ ಆ ಗಾಲಿಯವರೆಗೆ ತಂತಿ ಬಿಗಿದು ಕಟ್ಟಿದೆ. ಇನ್ನು ಒಂದು ಚೂರು ಮಣ್ಣೂ ಹಿಂದೆ ಬರುವ ಹಾಗಿರಲಿಲ್ಲ. ಇಂಜಿನ್ನಿನ ಎರಡೂ ಬದಿಗೆ ಗೋಣಿಚೀಲವನ್ನು ಎರಡು ಪದರ ಮಾಡಿ, ದಬ್ಬಣದಿಂದ ಹೊಲಿದು ಹೊದಿಸಿದೆ. ಮುಟ್ಟಿ ನೋಡಿದರೆ ಹೊರಗೆ ತಣ್ಣಗಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಕೊಟ್ಟಿಗೆಯಿಂದ ಹೊಲದ ಆಚೆ ತುದಿಯ ಬಾವಿಯತ್ತ ಹೊರಟೆ. ಒಂಬತ್ತನೆಯ ನಿಮಿಷಕ್ಕೆ ಹ್ಯಾಂಡಲಿನ ನಡುವೆ ಕೆಂಪು ದೀಪ ಹತ್ತಿತು. ಗಾಡಿಯ ಹೊಟ್ಟೆಯಿಂದ ಉಗಿ ಎದ್ದಿತು.

ಫೋನಿನಲ್ಲಿ ಸುದ್ದಿ ಕೇಳಿದ ಮಹಾದೇವಿ ಹೊಸ ಷರತ್ತು ಹಾಕಿದಳು. "ಮದಲ ಅದು ಎಲ್ಲೂ ನಿಲ್ಲದಂಗ ಬಾವಿತನ ಹೋಗಿ ಬರ್ಲಿ. ಆಮ್ಯಾಲ ನಾ ಕೂಡೋ ಮಾತು."

ಬಸವಕಲ್ಯಾಣದಲ್ಲಿ ಮೆಕ್ಯಾನಿಕ್‌ಗಳಿಗೆ ಬರವಿಲ್ಲ. ಆದರೆ ನಾನು ಗಾಡಿಯನ್ನು ಸಾಮಾನಿನ ಆಟೋದಲ್ಲಿ ಹೇರಿಕೊಂಡು ಹುಮನಾಬಾದಿನ ಇಸ್ಮಾಯಿಲ್ ಭಾಯಿಯ ಗ್ಯಾರೇಜಿಗೇ ಹೋದೆ. ಅವರ ಕೈಗುಣ ಚೆನ್ನಾಗಿದೆ ಎಂದು ಎಲ್ಲರಿಗೂ ಹೇಳಿದೆ. ಗ್ಯಾರೇಜಿನಿಂದ ದವಾಖಾನೆ ಐದು ನಿಮಿಷದ ದಾರಿ ಎಂಬುದನ್ನು ಹೇಳಲಿಲ್ಲ. ಹೆದ್ದಾರಿಯ ಗಾಳಿಗೆ ಹಾರಿಹೋದಾವೆಂದು ತಗಡನ್ನೂ ಗೋಣಿಯನ್ನೂ ಜೋಪಾನವಾಗಿ ಬಿಚ್ಚಿ ಕೊಟ್ಟಿಗೆಯಲ್ಲೇ ಇಟ್ಟಿದ್ದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ನಾನು ಇಡಲಿಲ್ಲ.

ಇಸ್ಮಾಯಿಲ್ ಭಾಯಿ ಇಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಇಣುಕಿದರು. "ಮಾಸ್ತರ್ ಸಾಬ್, ಇದರಾಗ ಯಾವ ಪಾನಿ ಹಾಕೀರಿ?"

"ನಮ್ಮ ಬೋರಿಂದು."

"ಒಳಗ ಪೂರಾ ಸುಣ್ಣ ಕಟ್ಟೇದ್ರಿ. ಇದಕ್ಕ ಕೂಲಂಟ್ ಹಾಕಬೇಕ್ರಿ, ಬೋರಿನ ಪಾನಿ ಅಲ್ಲ."

ತೊಳೆದು, ಹಸಿರು ಬಣ್ಣದ ಕೂಲಂಟ್ ತುಂಬಿ ಅರ್ಧ ಗಂಟೆ ಓಡಿಸಿದರು. ದೀಪ ಹತ್ತಲಿಲ್ಲ. ನಾನು ಮೋರಖಂಡಿಗೆ ಮರಳಿ, ತಗಡು ಗೋಣಿ ಕಟ್ಟಿ ಬಾವಿಯತ್ತ ಹೊರಟೆ. ಒಂಬತ್ತು ನಿಮಿಷ, ಕೆಂಪು ದೀಪ. ಎರಡನೆಯ ಸಲ ಮುಚ್ಚಳದ ರಬ್ಬರು ಬದಲಾಯಿತು, ಫ್ಯಾನು ಹೊತ್ತಿಗೆ ಸರಿಯಾಗಿ ತಿರುಗುತ್ತದೆಂದು ಖಾತ್ರಿಯಾಯಿತು. ಗ್ಯಾರೇಜಿನಲ್ಲಿ ಗಾಡಿ ಹಸುವಿನಂತೆ ತಣ್ಣಗಿತ್ತು. ಹೊಲದಲ್ಲಿ ಮತ್ತೆ ಒಂಬತ್ತು ನಿಮಿಷ. ಮೂರನೆಯ ಸಲ ಥರ್ಮೋಸ್ಟ್ಯಾಟ್ ಎಂಬ, ಬಿಸಿಯಾದಾಗ ಬಾಯಿ ತೆರೆದು ನೀರು ಬಿಡುವ ಪುಟ್ಟ ಬಿರಡೆಯ ಮೇಲೆ ಅನುಮಾನ ಬಂತು. ಇಸ್ಮಾಯಿಲ್ ಭಾಯಿ ಅಲ್ಲೇ ನೋಡಿಬಿಡುತ್ತಿದ್ದರು. ಭೌತಶಾಸ್ತ್ರದವನಾದ ನಾನು ಬಿಡಬೇಕಲ್ಲ. ಗಾಡಿಯನ್ನು ಅಲ್ಲೇ ಬಿಟ್ಟು ಅದನ್ನು ಮನೆಗೆ ತಂದು, ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟು, ಉಷ್ಣಮಾಪಕ ಹಿಡಿದು ಕೂತೆ. ಸರಿಯಾದ ಬಿಸಿಗೆ ಅದು ಬಾಯಿ ತೆರೆಯಿತು. ಸಂತೋಷ ತಡೆಯಲಾರದೆ ಮಹಾದೇವಿಗೆ ಫೋನು ಮಾಡಿದೆ.

"ಯಾವ ಪಾತ್ರಿದಾಗ ಕುದಿಸಿದ್ರಿ?" ಎಂದಳು.

"ಹಾಲಿಂದು."

ಅವಳು ಫೋನು ಇಟ್ಟುಬಿಟ್ಟಳು.

ಆದರೂ ನಿಜ ಹೇಳಬೇಕೆಂದರೆ ಆ ಮೂರು ತಿಂಗಳು ನನಗೆ ಚೆನ್ನಾಗಿಯೇ ಕಳೆದವು. ದವಾಖಾನೆಯ ಮತ್ತೊಬ್ಬ ನರ್ಸು ಹೆರಿಗೆ ರಜೆಯ ಮೇಲೆ ಹೋಗಿದ್ದರಿಂದ ಮಹಾದೇವಿಗೆ ಊರಿಗೆ ಬರಲು ಬಿಡುವು ಸಿಗುತ್ತಿರಲಿಲ್ಲ. ಬಂದರೂ ಬಟ್ಟೆ ಬದಲಿಸಿಕೊಂಡು ಓಡುತ್ತಿದ್ದಳು, ಹೊಲದ ಕಡೆ ತಲೆ ಹಾಕಲಿಲ್ಲ. ಗಾಡಿ ಕೆಟ್ಟಾಗಲೆಲ್ಲ ನಾನೇ ಹೋಗುತ್ತಿದ್ದೆ. ದವಾಖಾನೆಯ ಅಂಗಳದ ಬೇವಿನ ಕೆಳಗೆ ಇಬ್ಬರೂ ಕೂತು ಅವಳ ಡಬ್ಬಿಯ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದೆವು. ಇಪ್ಪತ್ತು ನಿಮಿಷ, ಅಷ್ಟೇ. ಉಳಿದ ದಿನ ಮಧ್ಯಾಹ್ನ ಅವಳೇ ಫೋನು ಮಾಡಿ, ರೋಗಿಯನ್ನು ವಿಚಾರಿಸುವಂತೆ ಕೇಳುತ್ತಿದ್ದಳು: "ಇವತ್ತ ಎಷ್ಟು ನಿಮಿಷಕ್ಕ ಹತ್ತಿತ್ರಿ?" ನಾನು ಹೇಳುತ್ತಿದ್ದೆ. ಅದರ ಹಿಂದೆ ಬೇರೆ ಮಾತುಗಳು ತಾವಾಗಿಯೇ ಬರುತ್ತಿದ್ದವು.

ಥರ್ಮೋಸ್ಟ್ಯಾಟ್ ಮತ್ತೆ ಕೂಡಿಸಿ ತಂದ ಮೇಲೂ ಹೊಲದಲ್ಲಿ ಒಂಬತ್ತನೆಯ ನಿಮಿಷಕ್ಕೆ ದೀಪ ಹತ್ತಿತು. ನಾಲ್ಕನೆಯ ಸಲ ಸಾಮಾನಿನ ಆಟೋದವನು ಹೊಲದ ಬಾಗಿಲಲ್ಲಿ ನಿಂತು ಅವಸರ ಮಾಡಿದ. ತಗಡು ಗೋಣಿ ಬಿಚ್ಚದೆಯೇ ಗಾಡಿ ಹೇರಿದೆ. ಅಂದು ಡ್ಯೂಟಿ ಮುಗಿಸಿದ ಮಹಾದೇವಿ ನೇರವಾಗಿ ಗ್ಯಾರೇಜಿಗೇ ಬಂದಳು. ಇಸ್ಮಾಯಿಲ್ ಭಾಯಿ ನಟ್ಟು ಬಿಚ್ಚುವ ಪಾನಾ ಹಿಡಿದು ಗಾಡಿಯನ್ನೇ ನೋಡುತ್ತ ನಿಂತಿದ್ದರು. ಅವಳು ಬಗ್ಗಿ, ಹಣೆ ಮುಟ್ಟಿ ನೋಡುವ ಹಾಗೆ ಗೋಣಿಯ ಮೇಲೆ ಕೈಯಿಟ್ಟಳು. ಅದರ ಅಂಚು ಎತ್ತಿದಳು, ಒಳಗಿನ ಇನ್ನೊಂದು ಪದರವನ್ನೂ ಎತ್ತಿದಳು. ಮುಂದೆ ಹೋಗಿ ತಗಡು ನೋಡಿದಳು.

"ಇದನ್ನೆಲ್ಲ ಯಾರು ಹೊಚ್ಚಿದ್ರು?"

"ನಾನ."

"ಯಾಕ್ರಿ?"

"ನಿನ್ನ ಸೀರಿಗಿ ರಾಡಿ ಸಿಡೀಬಾರದಂತ. ಕಾಲಿಗಿ ಬಿಸಿ..."

ಅವಳು ನನ್ನ ಕಡೆ ತಿರುಗಿದಳು. "ನಮ್ಮಲ್ಲಿ ದಿನಾ ಬರ್ತಾರ್ರಿ. ಕೂಸಿಗಿ ಜ್ವರ ಬಂದದ ಅಂತ ಮೂರು ಚಾದರ ಹೊಚ್ಚಿ, ಟೊಪ್ಪಿಗಿ ಹಾಕಿ ತರ್ತಾರ. ಮದಲ ಚಾದರ ತಗೀರವ್ವ, ಗಾಳಿ ಆಡ್ಲಿ ಅಂತೀನಿ. ಅವರಿಗಾದ್ರ ಗೊತ್ತಿರಂಗಿಲ್ಲ."

"ಸಿಸ್ಟರ್," ಎಂದರು ಇಸ್ಮಾಯಿಲ್ ಭಾಯಿ, ನಗೆಯನ್ನು ಗ್ರೀಸಿನ ಬಟ್ಟೆಯಲ್ಲಿ ಮುಚ್ಚಿಕೊಳ್ಳುತ್ತ. "ನನ್ನ ಕಡೆ ತರೋ ಮುಂದ ಮಾಸ್ತರ್ ಸಾಬ್ ಎಲ್ಲಾ ಬಿಚ್ಚಿ ತರ್ತಿದ್ರು. ಹೋಗಿ ಮತ್ತ ಹೊಚ್ಚತಿದ್ರು ಕಾಣಸ್ತದ. ನನಗ ಹ್ಯಾಂಗ ಸಮಜ್ ಆಗಬೇಕ್ರಿ?"

ಕರಿಹಲಗೆಯ ಮೇಲೆ ನಾನು ಬಿಡಿಸಿದ ಬಾಣಗಳೆಲ್ಲ ಆ ಹೊತ್ತು ನನ್ನ ಕಡೆಗೇ ತಿರುಗಿದವು. ತಗಡು ರೇಡಿಯೇಟರಿಗೆ ಬರುವ ಗಾಳಿಯನ್ನು ತಡೆದಿತ್ತು, ಗೋಣಿ ಶಾಖವನ್ನು ಒಳಗೇ ಹಿಡಿದಿಟ್ಟಿತ್ತು. ಎಷ್ಟು ಮಕ್ಕಳಿಗೆ ಕಂಬಳಿಯ ಉದಾಹರಣೆ ಕೊಟ್ಟಿದ್ದೆನೋ!

ಆ ಭಾನುವಾರ ಮಹಾದೇವಿ ರಜೆ ಹೊಂದಿಸಿಕೊಂಡು ಬಂದು, ಹಳೆಯ ಸೀರೆಯುಟ್ಟು ಹೊಲಕ್ಕೆ ಬಂದಳು. ತಗಡಿರಲಿಲ್ಲ, ಗೋಣಿಯಿರಲಿಲ್ಲ. ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು ಕೂತು ಕೈಯನ್ನು ನನ್ನ ಹೆಗಲ ಮೇಲಿಟ್ಟಳು. ಅದು ಎಷ್ಟು ಭಾರವಿತ್ತು ಎಂಬುದನ್ನೇ ನಾನು ಮರೆತಿದ್ದೆ. ಮರೆತದ್ದು ನೆನಪಾಗಿ ಕಣ್ಣು ತುಂಬಿತು. ಒಂದು ಹಾಳು ತಿರುವಿನಲ್ಲಿ ಬೆರಳು ಒತ್ತಿದಳು, ನಿಧಾನ ಮಾಡಿದೆ. ಬಾವಿಯ ಹತ್ತಿರ ಎರಡು ಸಲ ತಟ್ಟಿದಳು, ನಿಲ್ಲಿಸಿದೆ. ಮರಳುವಾಗ ಕೈ ಸುಮ್ಮನೆ ಭಾರ ಬಿಟ್ಟಿತ್ತು. ಸೀರೆಗೆ ಮೊಣಕಾಲಿನವರೆಗೆ ಎರೆಮಣ್ಣು ಸಿಡಿದಿತ್ತು, ಅವಳು ಅದರ ಮಾತೇ ಎತ್ತಲಿಲ್ಲ. ಒಂಬತ್ತನೆಯ ನಿಮಿಷ ಕಳೆಯಿತು, ಹತ್ತನೆಯದೂ ಕಳೆಯಿತು, ದೀಪ ಹತ್ತಲಿಲ್ಲ. ನಡುದಾರಿಯಲ್ಲಿ ಒಂದಿಷ್ಟು ನಿಂತು ಕೂತು ಹೋಗಲು ಒಂದು ಕಾರಣವನ್ನಾದರೂ ಕೊಡಬಾರದಿತ್ತೇ ಎಂದು ಗಾಡಿಯ ಮೇಲೆ ನನಗೆ ಸಿಟ್ಟೇ ಬಂತು. ಸಂಜೆ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದೆ.

ಆಮೇಲೆ ಗಾಡಿ ಕೆಡಲಿಲ್ಲ. ಸೋಮವಾರ ಮಧ್ಯಾಹ್ನ ಫೋನು ಬಂತು. "ಹ್ಯಾಂಗದ ಗಾಡಿ?" "ಛಲೋ ಅದ." "ಹ್ಞೂಂ." ಅಷ್ಟಕ್ಕೇ ಫೋನು ಇಟ್ಟೆವು. ಮಂಗಳವಾರವೂ ಅದೇ ಆಯಿತು. ಬುಧವಾರ ಮತ್ತು ಗುರುವಾರ ಫೋನೇ ಬರಲಿಲ್ಲ. ಬರಲು ಏನಿತ್ತು? ರೋಗಿ ಗುಣವಾದ ಮೇಲೆ ನರ್ಸಿಗೆ ಅಲ್ಲಿ ಕೆಲಸವಿಲ್ಲ. ದಿನವೂ ಮೋರಖಂಡಿಗೆ ಹೋಗಿ, ಬಾವಿತನಕ ಒಬ್ಬನೇ ಹೋಗಿ ಬಂದೆ. ಹಗುರಾದ ಹೆಗಲು ಹೊತ್ತು ಗಾಡಿ ಓಡಿಸುವುದು ಎಷ್ಟು ಕಷ್ಟವೆಂಬುದು ಯಾವ ಭೌತಶಾಸ್ತ್ರದ ಪುಸ್ತಕದಲ್ಲೂ ಇಲ್ಲ.

ಶುಕ್ರವಾರ ಮಧ್ಯಾಹ್ನ ಅವಳೇ ಫೋನು ಮಾಡಿದಳು. "ಈ ಸಲ ಬರೋದಾಗಂಗಿಲ್ಲ ಕಾಣಸ್ತದ್ರಿ, ಡ್ಯೂಟಿ ಹಾಕ್ಯಾರ. ಗಾಡಿ ಛಲೋ ಅದಲ್ಲ?"

ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನನ್ನ ಬಾಯಿಂದ ಮಾತು ತಾನೇ ಹೊರಬಿತ್ತು. "ಇಲ್ಲ. ಇವತ್ತ ಮತ್ತ ದೀಪ ಹತ್ತೇದ."

"ಎಷ್ಟು ನಿಮಿಷಕ್ಕ?"

"ಒಂಬತ್ತ."

"ಹಂಗಾರ ನಾನ ಬಂದು ನೋಡಬೇಕ್ರಿ," ಎಂದಳು ಮಹಾದೇವಿ. ದನಿಯಲ್ಲಿ ನಗೆಯಿತ್ತೋ ಇಲ್ಲವೋ ತಿಳಿಯಲಿಲ್ಲ. "ಡ್ಯೂಟಿ ಬದಲಿ ಮಾಡ್ಕೊಂಡು ನಾಳೆ ಬರ್ತೀನಿ. ನಾ ಬರೂತನ ಏನೂ ಬಿಚ್ಚಬ್ಯಾಡ್ರಿ."

ಫೋನು ಇಟ್ಟವನೇ ಆಟೋ ಹಿಡಿದು ಮೋರಖಂಡಿಗೆ ಓಡಿದೆ. ಕೊಟ್ಟಿಗೆಯ ಮೂಲೆಯಲ್ಲಿ ತಗಡು ಬಿದ್ದಿತ್ತು, ಗೋಣಿಚೀಲಗಳೂ ಇದ್ದವು, ದಬ್ಬಣವೂ ಸಿಕ್ಕಿತು. ಒಂಬತ್ತು ನಿಮಿಷಕ್ಕೆ ದೀಪ ಹತ್ತಲು ಎರಡು ಪದರ ಸಾಕು ಎಂಬುದು ಈಗ ನನಗೆ ಚೆನ್ನಾಗಿ ತಿಳಿದಿದೆ. ಆದರೂ ಯಾವುದಕ್ಕೂ ಇರಲಿ ಎಂದು ಮೂರು ಪದರ ಹೊಲಿದೆ.