ಹೆಲಿಕಾಪ್ಟರ್ ಬಂದದ್ದು ಯಾರಿಗೆ ಕೇಳಿತು?

ಎಲ್ಲಕ್ಕೂ ಕಾರಣ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು.

ಇನ್ನಂಜೆಯ ವಿಠಲನಿಗೆ ಪಕ್ಕದ ಮನೆಯ ಡೊಮಿನಿಕ್ ಪ್ರತಿ ಭಾನುವಾರ ಸಂಜೆ ಹಾಕಿಕೊಡುತ್ತಿದ್ದ ಆಸನ ಅದು. ಡೊಮಿನಿಕ್ ಕುವೈತಿನಿಂದ ಬರುವಾಗ ಸರೌಂಡ್ ಸೆಟ್ ತಂದಿದ್ದ. ಎದುರಿಗೆ ಮೂರು ಸ್ಪೀಕರು, ಬೆನ್ನ ಹಿಂದೆ ಎರಡು, ಮೂಲೆಯಲ್ಲಿ ಗುಡುಗುವ ಪೆಟ್ಟಿಗೆ ಒಂದು. ಸಿನಿಮಾ ಹಾಕಿದ ದಿನ ಅಕ್ಕಪಕ್ಕದವರೆಲ್ಲ ಅಲ್ಲಿ ಸೇರುತ್ತಿದ್ದರು. ನಡುವಿನ ಕುರ್ಚಿ ಮನೆಯ ಯಜಮಾನನದು, ಸೋಫಾ ಹಿರಿಯರದು, ಚಾಪೆ ಮಕ್ಕಳದು. ಸಂಕೋಚದಿಂದ ಕೊನೆಗೆ ಬರುವ ವಿಠಲನಿಗೆ ಬಾಗಿಲ ಹತ್ತಿರದ ನೀಲಿ ಸ್ಟೂಲು. ಅದರ ಒಂದು ಕಾಲು ಗಿಡ್ಡ. ಸರಿಯಾಗಿ ತಲೆಯ ಮೇಲೆ ಹಿಂದಿನ ಎಡಗಡೆಯ ಸ್ಪೀಕರು.

ಡೊಮಿನಿಕ್‌ನ ಮೆಚ್ಚಿನ ಸಿನಿಮಾದಲ್ಲಿ ಒಂದು ಹೆಲಿಕಾಪ್ಟರ್ ಎದುರಿನ ಬಲಗಡೆಯಿಂದ ಬಂದು, ಎಲ್ಲರ ತಲೆಯ ಮೇಲೆ ಹಾದು, ಹಿಂದಿನ ಎಡಗಡೆಗೆ ಹೋಗುತ್ತಿತ್ತು. "ಬಂತು, ಬಂತು!" ಎಂದು ಎಲ್ಲರೂ ಕೂಗುತ್ತಿದ್ದರು. ವಿಠಲನಿಗೆ ಅದು ಬರುವುದು ಒಂದು ದಿನವೂ ಕೇಳಲಿಲ್ಲ. ಹೋಗುವುದು ಮಾತ್ರ ಕೇಳುತ್ತಿತ್ತು, ಅದೂ ಕಿವಿ ಕಿತ್ತು ಹೋಗುವ ಹಾಗೆ.

ಜೀವಮಾನದಲ್ಲಿ ಒಮ್ಮೆ ನಡುವಿನ ಕುರ್ಚಿಯಲ್ಲಿ ಕೂತು ಹೆಲಿಕಾಪ್ಟರ್ ಬರುವುದನ್ನು ಕೇಳಬೇಕು. ವಿಠಲನಿಗೆ ಅಷ್ಟೇ ಬೇಕಿದ್ದದ್ದು. ಬೇರೆಯವರ ಮನೆಯಲ್ಲಿ ನಡುವಿನ ಕುರ್ಚಿ ಕೇಳುವುದು ಮರ್ಯಾದೆಯಲ್ಲ. ಆದ್ದರಿಂದ ತಾನೇ ಒಂದು ಸೆಟ್ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದ.

ಉಡುಪಿಯ ಅಂಗಡಿಗೆ ಹೊರಟಾಗ ಡೊಮಿನಿಕ್ ಕರೆಯದೆಯೇ ಜೊತೆಗೆ ಬಂದ. ಅಂಗಡಿಯ ಗ್ಲ್ಯಾಡಿಸ್ ಸ್ಪೀಕರುಗಳಿಗೆಲ್ಲ ಶಬ್ದ ಹಂಚುವ ಎರಡು ರಿಸೀವರ್ ತಂದು ಮೇಜಿನ ಮೇಲಿಟ್ಟಳು. ಒಂದು ಆನೆಮರಿಯಷ್ಟು ತೂಕದ್ದು, ಇನ್ನೊಂದು ತೆಳ್ಳಗಿನದು.

"ಇದನ್ನು ತಗೋ ಮಾರಾಯ, ವಾಟ್ಸ್ ನೋಡು!" ಎಂದು ಡೊಮಿನಿಕ್ ಆನೆಮರಿಯ ಬೆನ್ನು ತಟ್ಟಿದ. "ಗೋಡೆ ಅದುರಬೇಕು, ಅಲ್ವಾ?"

"ಸರ್, ಈ ತೆಳ್ಳಗಿನದರಲ್ಲಿ ಒಂದು ಮೈಕ್ ಉಂಟು," ಎಂದಳು ಗ್ಲ್ಯಾಡಿಸ್. "ನೀವು ಕೂರುವ ಜಾಗದಲ್ಲಿ ಇಟ್ಟರೆ ಆಯಿತು. ಅದು ಒಂದೊಂದೇ ಸ್ಪೀಕರಿನಲ್ಲಿ ಶಬ್ದ ಮಾಡಿ, ಕೋಣೆ ಹೇಗುಂಟು ಅಂತ ಕೇಳಿಸಿಕೊಂಡು, ತಪ್ಪಿದ್ದರೆ ತಾನೇ ತಿದ್ದಿಕೊಳ್ಳುತ್ತದೆ. ರೂಮ್ ಕರೆಕ್ಷನ್ ಅಂತ."

"ಕಿವಿ ಉಂಟಲ್ಲ ನಿನಗೆ! ತಿದ್ದಲಿಕ್ಕೆ ಮಷಿನ್ ಎಂತಕ್ಕೆ?" ಎಂದು ಡೊಮಿನಿಕ್ ವಿಠಲನನ್ನು ಕೇಳಿದ.

ವಿಠಲ ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಅವನು ಮಣಿಪಾಲದ ಒಂದು ಛಾಪಖಾನೆಯಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ತಿದ್ದಿ ತಿದ್ದಿ ಕಣ್ಣು ಸವೆಸಿಕೊಂಡವನಿಗೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಪ್ರಾಣಿಯೊಂದು ಲೋಕದಲ್ಲಿದೆ ಎಂದರೆ ಕಣ್ಣು ತುಂಬಿ ಬರದಿರುತ್ತದೆಯೇ? ಅವನು ಸ್ಪೀಕರುಗಳ ಜೊತೆಗೆ ತೆಳ್ಳಗಿನದನ್ನೇ ಕೊಂಡ. ಕಾಪುವಿನಲ್ಲಿ ಬಸ್ಸು ಇಳಿಯುವಾಗ ಡೊಮಿನಿಕ್, "ನೋಡುವ, ನಿನ್ನ ಮಷಿನ್ ಎಂತ ತಿದ್ದುತ್ತದೆ ಅಂತ," ಎಂದ.

ಮಾರನೆಯ ದಿನ ಶನಿವಾರ. ಹೆಂಡತಿ ಜಲಜಾಕ್ಷಿ ಮಕ್ಕಳನ್ನು ಕರೆದುಕೊಂಡು ಪೆರ್ಡೂರಿನ ತವರಿಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ವಿಠಲ ಮತ್ತು ಅವನ ತಾಯಿ ಅಪ್ಪಿ. ಇದಕ್ಕಿಂತ ನಿಶ್ಶಬ್ದದ ದಿನ ಸಿಗದೆಂದು ಅವನು ರಜೆ ಹಾಕಿದ್ದ. ಸ್ಪೀಕರುಗಳನ್ನು ಜೋಡಿಸಿ, ನಡುವೆ ಕುರ್ಚಿ ಇಟ್ಟು, ಮೈಕು ಕಿವಿಯ ಎತ್ತರಕ್ಕೆ ಬರಲಿ ಎಂದು ಕುರ್ಚಿಯ ಮೇಲೆ ದಿಂಬು, ದಿಂಬಿನ ಮೇಲೆ ಅಕ್ಕಿ ಅಳೆಯುವ ಸೇರನ್ನು ಬೋರಲು ಹಾಕಿದ.

"ಸೇರು ಬೋರಲು ಹಾಕುವುದುಂಟಾ ಮಗಾ? ಮನೆಯ ಅನ್ನ ಬೋರಲಾಗುತ್ತದೆ!" ಎಂದು ಅಪ್ಪಿ ಅದನ್ನು ಕಿತ್ತುಕೊಂಡು ಹೋಗಿ ಬಿಸ್ಕತ್ತಿನ ಡಬ್ಬಿ ತಂದುಕೊಟ್ಟಳು.

ವಿಠಲ ಗುಂಡಿ ಒತ್ತಿದ. ಎದುರಿನ ಸ್ಪೀಕರು ತಗ್ಗಿನಿಂದ ಮೇಲಕ್ಕೇರುತ್ತ "ಊಂ...ಊಯ್...ಶೀಂಯ್!" ಎಂದು ಉದ್ದಕ್ಕೆ ಶಿಳ್ಳೆ ಹಾಕಿತು. ಅಡುಗೆಮನೆಯಿಂದ ಕುಕ್ಕರು ಅದಕ್ಕೆ ಉತ್ತರ ಕೊಟ್ಟಿತು. ರಿಸೀವರಿನ ಮುಖದ ಮೇಲೆ ಅಕ್ಷರ ಮೂಡಿತು: ಸದ್ದು ಹೆಚ್ಚಾಗಿದೆ, ಮತ್ತೆ ಮೊದಲಿನಿಂದ.

ಕುಕ್ಕರು ಇಳಿಸಿದ್ದಾಯಿತು. ಎರಡನೆಯ ಸಲ ಮೂರು ಸ್ಪೀಕರು ದಾಟಿತು. ವಿಠಲ ಉಸಿರು ಬಿಗಿಹಿಡಿದು ನಿಂತಿದ್ದ. ಆಗ ಗೇಟಿನ ಹತ್ತಿರ "ಪೋಂಯ್! ಪೋಂಯ್!" ಮೀನಿನ ಕಿಟ್ಟ ಸ್ಕೂಟರಿನಲ್ಲಿ ಬಂದಿದ್ದ.

ವಿಠಲ ಬರಿಗಾಲಿನಲ್ಲಿ ಓಡಿದ. "ಕಿಟ್ಟಾ, ಹಾರ್ನ್ ಹಾಕಬೇಡ ಮಾರಾಯ!"

"ಹಾರ್ನ್ ಹಾಕದಿದ್ದರೆ ಮೀನು ಬಂದದ್ದು ಯಾರಿಗೆ ಗೊತ್ತಾಗುತ್ತದೆ ಅಣ್ಣಾ? ಮೀನು ಮಾತಾಡುತ್ತದಾ?"

"ನಾನೇ ತಗೊಳ್ತೇನೆ, ಎಲ್ಲಾ ಬಂಗುಡೆ ಕೊಡು. ಹೋಗು!"

ಬುಟ್ಟಿ ಖಾಲಿಯಾಯಿತು, ಆದರೆ ಕಿಟ್ಟ ಹೋಗಲಿಲ್ಲ. ಬುಟ್ಟಿ ಬಂಗುಡೆಯನ್ನು ಒಬ್ಬನೇ ಕೊಳ್ಳುವ ಮನೆಯಲ್ಲಿ ಏನು ವಿಶೇಷವೆಂದು ತಿಳಿಯದೆ ಅವನು ಹೇಗೆ ಹೋದಾನು? ಜಗಲಿಯಲ್ಲಿ ಕೂತುಬಿಟ್ಟ.

ಮೂರನೆಯ ಸಲ ಗುಂಡಿ ಒತ್ತುವ ಹೊತ್ತಿಗೆ ಡೊಮಿನಿಕ್‌ನ ಅಂಗಳದಲ್ಲಿ ಹೊಳೆಪ್ಪ ಕೆಂಪುಕಲ್ಲು ಕೆತ್ತಲು ಸುರುಮಾಡಿದ. ಗದಗದ ಕಡೆಯಿಂದ ಬಂದ ಹೊಳೆಪ್ಪ, ರಾಚವ್ವ ದಂಪತಿ ಅಲ್ಲಿ ಕಂಪೌಂಡು ಕಟ್ಟುತ್ತಿದ್ದರು. ವಿಠಲ ಬೇಲಿಯ ಮೇಲಿನಿಂದ ಕೈಮುಗಿದ.

"ಸ್ವಲ್ಪ ಹೊತ್ತು ನಿಲ್ಲಿಸಿ ಹೊಳೆಪ್ಪ. ಒಳಗೆ ಮಷಿನ್ ಕಿವಿಗೊಟ್ಟು ಕೂತಿದೆ."

"ಕಲ್ಲ ತಾನಾಗೇ ಒಡಿತೈತೇನ್ರಿ ಸಾಹೇಬ್ರ?" ಎಂದ ಹೊಳೆಪ್ಪ.

"ಏನ್ ಮಷೀನ್ರಿ ಅದು?" ಎಂದು ರಾಚವ್ವ ಬುಟ್ಟಿ ಕೆಳಗಿಟ್ಟಳು. "ನಾ ನೋಡ್ಬೇಕಲ್ರಿ!"

ಗಲಾಟೆ ಕೇಳಿ ಡೊಮಿನಿಕ್ ಬಂದ. "ಎಂತ ಮಾರಾಯ, ಬೆಳಿಗ್ಗೆಯಿಂದ ನಿನ್ನ ಮನೆಯಲ್ಲಿ ಎಂತದೋ ಹಕ್ಕಿ ಕೂಗುತ್ತಾ ಉಂಟು?" ಅವನ ಹಿಂದೆ ಅವನ ಹೆಂಡತಿ ಬೆನೆಡಿಕ್ಟಾ ಬಾಯಿ, ಅವಳ ಹಿಂದೆ ದಾರಿಯಲ್ಲಿ ಹೋಗುತ್ತಿದ್ದವರು. ವಿಷಯ ತಿಳಿದ ಬೆನೆಡಿಕ್ಟಾ ಬಾಯಿ ಉಪಾಯ ಹೇಳಿದಳು.

"ವಿಠಲಣ್ಣಾ, ಹೊರಗೆ ಇರುವವರು ಅಲ್ವಾ ಶಬ್ದ ಮಾಡುವುದು? ಎಲ್ಲರನ್ನೂ ಒಳಗೆ ಕೂರಿಸಿ. ಹೊರಗೆ ಯಾರೂ ಇಲ್ಲದಿದ್ದರೆ ಶಬ್ದ ಎಲ್ಲಿಂದ ಬರುತ್ತದೆ?"

ಬೇರೆ ದಾರಿಯಿರಲಿಲ್ಲ. ಎಲ್ಲರೂ ಒಳಗೆ ಬಂದು ಸೋಫಾದಲ್ಲಿ, ನೆಲದಲ್ಲಿ, ಕಿಟಕಿಯ ದಂಡೆಯ ಮೇಲೆ ಕೂತರು. ಕೂತವರು ಸುಮ್ಮನಿರುತ್ತಾರೆಯೇ? ಬಿಸ್ಕತ್ತಿನ ಡಬ್ಬಿಗೆ ಒಂದು ಕುರ್ಚಿ ಬಿಟ್ಟದ್ದು ಯಾಕೆಂದು ಒಬ್ಬರು ಕೇಳಿದರು. ಬಂಗುಡೆ ಹಾಳಾಗುತ್ತದೆಂದು ಇನ್ನೊಬ್ಬರು ನೆನಪಿಸಿದರು. "ವಾಟ್ಸ್ ಇಲ್ಲ, ಅದಕ್ಕೆ ಹೀಗೆ," ಎಂದು ಡೊಮಿನಿಕ್ ತೀರ್ಪು ಕೊಟ್ಟ. ರಿಸೀವರು ಮತ್ತೆರಡು ಸಲ ಸೋತು ಕೂತಿತು.

ಅಪ್ಪಿಗೆ ಮೈಕೂ ಗೊತ್ತಿಲ್ಲ, ಕರೆಕ್ಷನ್ನೂ ಗೊತ್ತಿಲ್ಲ. ಮನೆ ತುಂಬ ಜನ ಬಂದಿದ್ದಾರೆ, ಒಬ್ಬರ ಕೈಗೂ ಏನೂ ಕೊಟ್ಟಿಲ್ಲ ಎಂಬ ಒಂದೇ ಸಂಕಟ. ಮೊಮ್ಮಕ್ಕಳಿಗೆಂದು ಕಾಯಿಸಿಟ್ಟಿದ್ದ ಬಾಳೆಹಣ್ಣಿನ ಹಲ್ವವನ್ನು ತಂದು ಒಬ್ಬೊಬ್ಬರಿಗೂ ದೊಡ್ಡ ದೊಡ್ಡ ತುಂಡು ಹಂಚಿದಳು. ಅಪ್ಪಿಯ ಹಲ್ವ ಊರಿಗೆಲ್ಲ ಹೆಸರುವಾಸಿ. ಒಮ್ಮೆ ಬಾಯಿಗೆ ಹಾಕಿದರೆ ಮೇಲಿನ ಹಲ್ಲು, ಕೆಳಗಿನ ಹಲ್ಲು ಗಂಡಹೆಂಡಿರ ಹಾಗೆ ಅಂಟಿಕೊಂಡು, ಬಿಡಿಸಲು ಬಹಳ ಹೊತ್ತು ಬೇಕು.

ಕೋಣೆ ಸ್ತಬ್ಧವಾಯಿತು. ಡೊಮಿನಿಕ್ ಏನೋ ಹೇಳಲು ಹೋಗಿ, ಆಗದೆ ಕಣ್ಣು ಬಿಟ್ಟ. ವಿಠಲನಿಗೆ ಮಿಂಚು ಹೊಳೆದಂತಾಯಿತು. ಓಡಿಹೋಗಿ ಗುಂಡಿ ಒತ್ತಿದ.

ಒಂದನೆಯ ಶಿಳ್ಳೆ. ಎರಡನೆಯದು. ಎಲ್ಲರ ತಲೆ ಶಬ್ದ ಬಂದ ಕಡೆಗೆ ತಿರುಗುತ್ತಿತ್ತು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಕೊನೆಗೆ ಮೂಲೆಯ ಪೆಟ್ಟಿಗೆ ಗುಮ್ಮೆಂದಿತು. ರಿಸೀವರು ಕ್ಷಣಹೊತ್ತು ಲೆಕ್ಕ ಹಾಕಿತು. ಅಕ್ಷರ ಮೂಡಿತು: ಸರಿಯಾಯಿತು.

"ಆಯ್ತು!" ಎಂದು ವಿಠಲ ಕೂಗಿದ ಕೂಗು ಅವನ ಮದುವೆಯ ದಿನವೂ ಅವನ ಬಾಯಿಂದ ಬಂದಿರಲಿಲ್ಲ. ಹಲ್ಲು ಬಿಡಿಸಿಕೊಂಡ ಒಬ್ಬೊಬ್ಬರೇ ಜಯಕಾರ ಹಾಕಿದರು. ಡೊಮಿನಿಕ್ ಮನೆಗೆ ಹೋಗಿ ತನ್ನ ಹೆಲಿಕಾಪ್ಟರಿನ ಸಿನಿಮಾ ತಂದ. ಪರೀಕ್ಷೆ ಎಂದರೆ ಅದೇ ಪರೀಕ್ಷೆ.

ವಿಠಲ ಡಬ್ಬಿ ತೆಗೆದು ನಡುವಿನ ಕುರ್ಚಿಯಲ್ಲಿ ತಾಯಿಯನ್ನು ಕೂರಿಸಿ, ತಾನು ರಿಮೋಟ್ ಹಿಡಿದು ಮಷಿನಿನ ಪಕ್ಕ ನಿಂತ. ಹೆಲಿಕಾಪ್ಟರ್ ಬಂದಾಗ ಅಪ್ಪಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಹೊಳೆಪ್ಪ ನೆಲಕ್ಕೆ ಬಾಗಿದ. "ಯವ್ವಾ, ಹಂಚು ಹಾರಿ ಹೋದ್ವು!" ಎಂದು ರಾಚವ್ವ ಮೇಲೆ ನೋಡಿದಳು. ಸಿನಿಮಾದ ಮಳೆಗೆ ಕಿಟ್ಟ ಎದ್ದು ಸ್ಕೂಟರಿನ ಸೀಟು ಮುಚ್ಚಲು ಓಡಿದ.

ಎಲ್ಲ ಮುಗಿದ ಮೇಲೆ ಡೊಮಿನಿಕ್ ಎದ್ದು ಬಂದು ವಿಠಲನ ಕೈ ಹಿಡಿದುಕೊಂಡ. "ಸುಳ್ಳು ಯಾಕೆ ಹೇಳುವುದು ಮಾರಾಯ, ನನ್ನದಕ್ಕಿಂತ ಒಂದು ಕೈ ಮೇಲೆ. ಸೋತೆ."

ಆ ಒಂದು ಮಾತಿಗೆ ಅಷ್ಟು ದಿನದ ಸ್ಟೂಲಿನ ನೋವೆಲ್ಲ ಇಳಿಯಿತು. ವಿಠಲ ಬಂದವರಿಗೆಲ್ಲ ಬಂಗುಡೆ ಹಂಚಿ ಕಳುಹಿಸಿದ. ಅಪ್ಪಿ ಮಧ್ಯಾಹ್ನದ ನಿದ್ದೆಗೆ ಒಳಗೆ ಹೋದಳು. ಕದ ಹಾಕಿ, ನಡುವಿನ ಕುರ್ಚಿಯಲ್ಲಿ ರಾಜನ ಹಾಗೆ ಕೂತು, ಕಣ್ಣು ಮುಚ್ಚಿ ಅವನು ಹೆಲಿಕಾಪ್ಟರನ್ನು ಕರೆದ.

ಬಂದದ್ದು ಹೆಲಿಕಾಪ್ಟರ್ ಅಲ್ಲ. ಖಾಲಿ ತಗಡಿನ ಡಬ್ಬಿಯೊಳಗೆ ಯಾರೋ ಚಮಚ ಕುಲುಕಿದ ಶಬ್ದ. ನಾಯಕ ಕಿರುಚಿದ, ನಾಯಕಿ ಅದಕ್ಕಿಂತ ಕಿರುಚಿದಳು, ಮಳೆ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಸಿಡಿಯಿತು. ವಿಠಲ ತಂತಿಗಳನ್ನೆಲ್ಲ ನೋಡಿದ. ಎಲ್ಲ ಸರಿಯಿತ್ತು. ಅಂಗಡಿಗೆ ಫೋನು ಮಾಡಿದ.

"ಅಳೆಯುವಾಗ ಕೋಣೆಯಲ್ಲಿ ಯಾರಾದರೂ ಇದ್ದರಾ ಸರ್?" ಎಂದು ಗ್ಲ್ಯಾಡಿಸ್ ಕೇಳಿದಳು.

"ಇದ್ದರು. ಇಡೀ ಇನ್ನಂಜೆ ಊರೇ ಇತ್ತು."

"ಹಾಗೆ ಮಾಡಬಾರದು ಸರ್! ಜನ ಅಂದರೆ ಹಾಸಿಗೆ ಇದ್ದ ಹಾಗೆ, ಶಬ್ದ ಕುಡಿಯುತ್ತಾರೆ. ಅವರು ಕುಡಿಯುವಷ್ಟನ್ನು ಮಷಿನ್ ಹೆಚ್ಚು ಮಾಡಿ ಕೊಡುತ್ತಾ ಉಂಟು. ಈಗ ಕುಡಿಯುವವರು ಇಲ್ಲ, ಹಾಗಾಗಿ ಕಿರುಚುತ್ತದೆ."

"ಈಗ ಎಂತ ಮಾಡುವುದು?"

"ಖಾಲಿ ಕೋಣೆಯಲ್ಲಿ ಇನ್ನೊಮ್ಮೆ ಅಳೆಯಿರಿ. ಇಲ್ಲದಿದ್ದರೆ ಆ ಕರೆಕ್ಷನ್ ಆಫ್ ಮಾಡಿ. ಅದೂ ಬೇಡ ಅಂತಾದರೆ ಅಷ್ಟೂ ಜನರನ್ನು ಪುನಃ ಕರೆಯಿರಿ!" ಎಂದು ಅವಳು ನಕ್ಕಳು.

ಆಫ್ ಮಾಡುವುದೇ? ಮಾಡಿದರೆ ಡೊಮಿನಿಕ್‌ನ ಸೆಟ್ಟಿಗೂ ತನ್ನದಕ್ಕೂ ಏನು ವ್ಯತ್ಯಾಸ? ಸೋತೆ ಎಂದವನ ಮುಂದೆ ತಾನೇ ಸೋಲುವುದು ಪ್ರಾಣ ಹೋದರೂ ಆಗದು. ವಿಠಲ ಮತ್ತೆ ಡಬ್ಬಿಯ ಮೇಲೆ ಮೈಕಿಟ್ಟ. ಬೆಳಗಿನ ಕೆಲಸ ಬಾಕಿಯಾದ ಹೊಳೆಪ್ಪ ಎರಡರಷ್ಟು ಜೋರಿನಿಂದ ಕಲ್ಲು ಕೆತ್ತುತ್ತಿದ್ದ. ಬೆನೆಡಿಕ್ಟಾ ಬಾಯಿ ರುಬ್ಬುಕಲ್ಲಿನಲ್ಲಿ ಗಡಗಡನೆ ಬಂಗುಡೆಗೆ ಮಸಾಲೆ ಕಡೆಯುತ್ತಿದ್ದಳು. ಹಲ್ವ ಮುಗಿದಿತ್ತು. ಮಷಿನು ಸದ್ದು ಹೆಚ್ಚಾಗಿದೆ ಎಂದಿತು, ಮತ್ತೆ ಎಂದಿತು, ನಾಲ್ಕು ಗಂಟೆಯವರೆಗೂ ಅದನ್ನೇ ಎಂದಿತು.

"ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾಡುತ್ತೇನೆ," ಎಂದು ವಿಠಲ ಗೊಣಗಿದ.

ಎದ್ದು ಬಂದ ಅಪ್ಪಿ ಹೌಹಾರಿದಳು. "ರಾತ್ರಿ ಶಿಳ್ಳೆ ಹಾಕುವುದುಂಟಾ? ಶಿಳ್ಳೆ ಕೇಳಿದರೆ ನಾಗ ಒಳಗೆ ಬರುತ್ತದೆ. ಬಾಯಿಯಲ್ಲಿ ಹಾಕಿದರೂ ಶಿಳ್ಳೆ, ಪೆಟ್ಟಿಗೆಯಲ್ಲಿ ಹಾಕಿದರೂ ಶಿಳ್ಳೆ. ನಾನು ಇರುವವರೆಗೆ ಈ ಮನೆಯಲ್ಲಿ ಅದು ಬೇಡ."

ತಾಯಿಯ ಮಾತಿಗೆ ಎದುರಿಲ್ಲ, ನಾಗನ ಮಾತಿಗಂತೂ ಇಲ್ಲವೇ ಇಲ್ಲ. ಉಳಿದದ್ದು ಗ್ಲ್ಯಾಡಿಸ್ ನಗುತ್ತ ಹೇಳಿದ ಮೂರನೆಯ ದಾರಿ. ವಿಠಲ ಅಂಗಿ ಹಾಕಿಕೊಂಡು ಮನೆಮನೆಗೆ ಹೋಗಿ, "ಸಂಜೆ ಬನ್ನಿ, ಪೂರ್ತಿ ಸಿನಿಮಾ ಹಾಕುವ," ಎಂದ. ತಾನು ಮಾತ್ರ ನಡುವಿನ ಕುರ್ಚಿ ಬಿಡುವುದಿಲ್ಲವೆಂದು ದಾರಿಯಲ್ಲೇ ನಿಶ್ಚಯಿಸಿಕೊಂಡ.

ದೀಪ ಹಚ್ಚುವ ಹೊತ್ತಿಗೆ ಮನೆ ತುಂಬಿತು. ಬೆಳಿಗ್ಗೆ ಬಂದವರೆಲ್ಲ ತಮ್ಮ ನೆಂಟರನ್ನೂ ಕರೆತಂದಿದ್ದರು. "ವಿಠಲಣ್ಣನ ಸೆಟ್ಟಿನ ಮುಂದೆ ಕಾರ್ಕಳದ ಟಾಕೀಸು ಏನೂ ಅಲ್ಲ," ಎಂದು ಕಿಟ್ಟ ಹೇಳುತ್ತಿದ್ದುದು ಕೇಳಿ ವಿಠಲನ ಎದೆ ಉಬ್ಬಿತು. ಬಂದವರಿಗೆ ನೀರು ಬೆಲ್ಲ ಕೊಟ್ಟು ತಿರುಗಿ ನೋಡುತ್ತಾನೆ, ನಡುವಿನ ಕುರ್ಚಿಯಲ್ಲಿ ಡೊಮಿನಿಕ್.

ಕೂರಿಸಿದವಳು ಅಪ್ಪಿ. "ಸೋತೆ ಅಂತ ಹೇಳಲಿಕ್ಕೂ ದೊಡ್ಡ ಮನಸ್ಸು ಬೇಕು ಮಗಾ. ಬಂದ ಅತಿಥಿಗೆ ಒಳ್ಳೆಯ ಜಾಗ ಕೊಡುವುದಲ್ವಾ ಮರ್ಯಾದೆ? ನೀನು ಮನೆಯವನು, ಎಲ್ಲಿ ಕೂತರೂ ಆಯಿತು."

ವಿಠಲ ಸುತ್ತ ನೋಡಿದ. ನೆಲದಲ್ಲಿ ಕಾಲಿಡಲು ಸಹ ಜಾಗವಿರಲಿಲ್ಲ.

"ಎಂತ ಮಾರಾಯ, ನಿಂತುಕೊಂಡೇ ನೋಡ್ತೀಯಾ?" ಎಂದು ಡೊಮಿನಿಕ್ ಕುರ್ಚಿಯಿಂದಲೇ ಪ್ರೀತಿಯಿಂದ ಕೂಗಿದ. "ಇಲ್ಲಿ ಕೂರಲಿಕ್ಕೆ ಕಡಿಮೆ ಆಗಬಹುದು ಅಂತ ಬರುವಾಗ ಒಂದು ತಂದಿದ್ದೇನೆ. ಬಾಗಿಲ ಹತ್ತಿರ ಉಂಟು ನೋಡು."

ಬಾಗಿಲ ಹತ್ತಿರ, ಹಿಂದಿನ ಎಡಗಡೆಯ ಸ್ಪೀಕರಿನ ಕೆಳಗೆ, ನೀಲಿ ಸ್ಟೂಲು ಕಾಯುತ್ತಿತ್ತು. ವಿಠಲ ಗಿಡ್ಡ ಕಾಲಿನ ಕಡೆಗೆ ಭಾರ ಹಾಕದೆ ಅಭ್ಯಾಸದಿಂದ ಕೂತ.

"ಬಂತು, ಬಂತು!" ಎಂದು ಇಡೀ ಮನೆ ಕೂಗಿತು. ಡೊಮಿನಿಕ್ ಕಣ್ಣು ಮುಚ್ಚಿ ಕೈಯೆತ್ತಿದ. "ಆಹಾ! ಎಂತ ಕರೆಕ್ಷನ್ ಮಾರಾಯ! ಬಂದದ್ದು ಕೇಳಿತಾ ವಿಠಲಾ?"

"ಹೋದದ್ದು ಕೇಳಿತು," ಎಂದ ವಿಠಲ.